ಹಗ್ಗ ಬಿಚ್ಚಿದ ದೇವು

ತ್ರ್ಯಂಬಕ ಮಾಸ್ತರರು ಅಂಗಿ ಕಳಚಿಟ್ಟು ಚಟ್ಟದ ಮುಂದಿನ ಬಿದಿರಿಗೆ ಕೈ ಹಾಕಿದಾಗ, ಸತ್ತವನ ಅಣ್ಣ ಗಣಪ ಅಡ್ಡ ಬಂದ.

“ಬೇಡ ಮಾಸ್ತರೆ. ಮೈಮೇಲೆ ಜನಿವಾರ ಉಂಟು. ನಾಳೆ ನಿಮ್ಮವ್ರು ನಿಮ್ಮನ್ನ ಒಳಗೆ ಸೇರ್ಸೂದಿಲ್ಲ. ನಮ್ಮ ಕೇರಿಯವ್ರೂ ಒಪ್ಪೂದಿಲ್ಲ. ಹೊರೂಕೆ ನಾವು ಇದ್ದೇವಲ್ಲ?”

ತದಡಿಯ ಮೀನುಗಾರರ ಕೇರಿಯೆಲ್ಲ ಅಲ್ಲಿ ನೆರೆದಿತ್ತು. ಅಂಗಳದ ಒಂದು ಬದಿಗೆ ದೋಣಿಯವರು. ಇನ್ನೊಂದು ಬದಿಗೆ ಕುಮಟೆಯಿಂದ ಮೊದಲ ಬಸ್ಸಿಗೆ ಬಂದಿಳಿದ ನಾಟಕ ಮಂಡಳಿಯವರು. ನಡುವೆ ದೇವು. ನಾಲ್ಕು ದಿನದ ಜ್ವರಕ್ಕೇ ಹೋಗಿಬಿಟ್ಟಿದ್ದ.

*

ಕಂಪನಿ ನಾಟಕದ ಟಿಕೀಟು ಕೊಳ್ಳಲಾಗದೆ ಡೇರೆಯ ಹೊರಗೆ ನಿಂತು ಹಾಡು ಕೇಳಿ ಹೋಗುವವರಿಗಾಗಿಯೇ ಮಾಸ್ತರರು ೧೯೫೮ರಲ್ಲಿ ಮಂಡಳಿ ಕಟ್ಟಿದ್ದರು. ಸಂತೆಯ ಬಯಲೇ ರಂಗಮಂದಿರ. ದೊಡ್ಡ ದನಿಯ ದೇವುವಿಗೆ ರಾಜನ ಪಾತ್ರ.

ಮೊದಲ ಪ್ರದರ್ಶನದ ಸಂಜೆ ಊರ ದೊಡ್ಡವರು ಕುರ್ಚಿ ತರಿಸಿ ಮುಂದೆ ಕೂತರು. ಮೀನು ಮಾರುವ ಹೆಂಗಸರು ಹತ್ತಿರ ಬಾರದಂತೆ ಹಗ್ಗ ಕಟ್ಟಿಸಿದರು. ಮಾಸ್ತರರು ಕಂಡೂ ಸುಮ್ಮನಿದ್ದರು. ಖಾಲಿ ಬುಟ್ಟಿ ಹಿಡಿದು ಹಗ್ಗದಾಚೆ ನಿಂತವರಲ್ಲಿ ದೇವುವಿನ ಹೆಂಡತಿ ಬಂಗಾರಿಯೂ ಇದ್ದಳು.

ಎರಡನೆಯ ದೃಶ್ಯದಲ್ಲಿ ರಾಜ ಮಾತು ನಿಲ್ಲಿಸಿದ. ಕಿರೀಟ ಹಾಕಿಕೊಂಡೇ ಕೆಳಗಿಳಿದು, ಕುರ್ಚಿಗಳ ನಡುವೆ ಹಾಯ್ದು ಹೋಗಿ ಹಗ್ಗ ಬಿಚ್ಚಿದ.

“ಮುಂದೆ ಬನ್ನಿ. ನೀವು ಕೂತ್ಕಂಡ ಮೇಲೇ ನಾ ಮಾತಾಡೂದು.”

ಹತ್ತಾರು ಕುರ್ಚಿಗಳು ಖಾಲಿಯಾದವು. ಮುಂದಿನ ನಾಟಕಕ್ಕೆ ಮಾಸ್ತರರೇ ನಿಂತು ಚಾಪೆ ಹಾಸಿಸಿದರು, ಎಲ್ಲರಿಗೂ.

*

“ಗಣಪ, ಆ ಹಗ್ಗ ಕಟ್ಟುವಾಗ ನಾ ಸುಮ್ಮನೆ ನಿಂತಿದ್ದೆ,” ಎಂದರು ಮಾಸ್ತರರು. “ಇವತ್ತೂ ಹಾಂಗೇ ನಿಲ್ಲೂಕೆ ಆಗೂದಿಲ್ಲ. ನಮ್ಮವ್ರಿಗೆ ಎಂತ ಹೇಳ್ಬೇಕು ಅಂತ ನಾ ನೋಡ್ಕಳ್ತೆ.”

ಬಂಗಾರಿ ಬಾಗಿಲಿಗೆ ಬಂದಳು. ಅತ್ತು ಅತ್ತು ದನಿ ಒಡೆದಿತ್ತು.

“ಭಾವಾ, ಅವ್ರು ಯಾರನ್ನೂ ಆಚೆ ನಿಲ್ಸಿದವ್ರಲ್ಲ. ಅವ್ರ ಹೆಣದ ಹತ್ರ ನೀವು ನಿಲ್ಸಬೇಡಿ.”

ಗಣಪ ತಮ್ಮನ ಮುಖವನ್ನೇ ಬಹಳ ಹೊತ್ತು ನೋಡಿದ. ಕೇರಿಯ ಹಿರಿಯರ ಕಡೆ ತಿರುಗಲಿಲ್ಲ.

“ಆತು. ಆ ಬದಿ ನೀವು ಹಿಡೀರಿ, ಈ ಬದಿ ನಾನು.”

ಹಿಂದಿನ ಬಿದಿರಿಗೆ ಗಾಡಿ ಹೊಡೆಯುವ ನಾಗನೂ, ಮಂಡಳಿಯ ವೇಷಗಳನ್ನೆಲ್ಲ ಹೊಲಿದ ಹುಸೇನ್ ಸಾಬನೂ ಹೆಗಲು ಕೊಟ್ಟರು. ಯಾರೂ ಬೇಡವೆನ್ನಲಿಲ್ಲ.

ಮಾಸ್ತರರು ಎತ್ತರದ ಆಳು, ಗಣಪ ಗಿಡ್ಡ. ಹತ್ತು ಹೆಜ್ಜೆಗೇ ಚಟ್ಟ ಒಂದು ಬದಿಗೆ ವಾಲಿತು. ಮಾಸ್ತರರು ಮೊಣಕಾಲು ಬಾಗಿಸಿ ನಡೆಯತೊಡಗಿದರು. ಗಣಪ ಅದನ್ನು ಓರೆಗಣ್ಣಲ್ಲಿ ಕಂಡ. ತಾನೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಹೆಜ್ಜೆ ಹಾಕಿದ. ಹಾಗೆಯೇ ಇಬ್ಬರೂ ಅಳಿವೆಯ ಮರಳಿಗೆ ಇಳಿದರು.