ಕಿಟಕಿಯ ಬೆಲೆಗೆ ದೀಪ

ಹೊಸ ಮನೆಯ ಮೆಟ್ಟಿಲು ಹತ್ತುವಾಗಲೇ ಟೈಲರಕ್ಕನಿಗೆ ಇಟ್ಟಿಗೆಯ ಮೇಲೆ ಕರಣೆ ಕುಟ್ಟುವ ಸದ್ದು ಕೇಳಿಸಿತು. ಇಟ್ಟಿಗೆ ಕೆಲಸ ಮುಗಿದು ತಿಂಗಳಾಗಿತ್ತು. ಗೋಡೆಗೆ ಗಾರೆ ಬಳಿದು, ನೀರು ಕುಡಿಸಿ, ಅದು ಒಣಗಿಯೂ ಆಗಿತ್ತು. ಮತ್ತೆ ಈ ಸದ್ದು ಎಲ್ಲಿಂದ? ಕೈಯಲ್ಲಿದ್ದ ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಒಳಗೆ ನುಗ್ಗಿದಳು.

ಸದ್ದು ಅವಳ ಹೊಲಿಗೆ ಕೋಣೆಯಿಂದಲೇ ಬರುತ್ತಿತ್ತು. ಉತ್ತರದ ಗೋಡೆಯಲ್ಲಿ ಮಂಡಿಯೆತ್ತರದಿಂದ ತಲೆಯ ಮೇಲಿನವರೆಗೂ ಕಿಟಕಿಗೆಂದು ಜಾಗ ಬಿಡಿಸಿದ್ದಳು. ಆ ಜಾಗದಲ್ಲಿ ಮೇಸ್ತ್ರಿ ನಾಲ್ಕು ಸಾಲು ಇಟ್ಟಿಗೆ ಕಟ್ಟಿ ಐದನೆಯದಕ್ಕೆ ಗಾರೆ ಹಾಕುತ್ತಿದ್ದ.

"ಏನಪ್ಪಾ ಮೇಸ್ತ್ರಿ, ನನಗೆ ಗೋರಿ ಕಟ್ತಿದ್ದೀಯಾ?"

"ಯಜಮಾನ್ರು ಹೇಳಿದ್ರು ಅಕ್ಕ. ಗಾಳಿಗೆ ಅಂತ ಮೇಲೆ ಒಂದು ಗೇಣು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚು ಅಂದ್ರು."

"ಯಾವ ಯಜಮಾನ್ರು?"

ಮೇಸ್ತ್ರಿ ಕರಣೆಯ ತುದಿಯಿಂದ ಹಜಾರದ ಕಡೆ ತೋರಿಸಿದ. ಮೂವತ್ತು ವರ್ಷ ಗಂಡ ಹೆಂಡಿರ ನಡುವೆ ಸಿಕ್ಕಿಕೊಂಡು ಮನೆ ಕಟ್ಟಿದವನು, ಎಲ್ಲಿ ಬಾಯಿ ಮುಚ್ಚಬೇಕೆಂದು ಅವನಿಗೆ ಗೊತ್ತಿತ್ತು.

ಈ ಮನೆಗೆ ಬಿದ್ದ ದುಡ್ಡಿನಲ್ಲಿ ಅರ್ಧ ಟೈಲರಕ್ಕನದು. ಹತ್ತೊಂಬತ್ತು ವರ್ಷ ಕಿಟಕಿಯಿಲ್ಲದ ತಗಡಿನ ಶೆಡ್ಡಿನಲ್ಲಿ, ಒಂದು ಟ್ಯೂಬ್‌ಲೈಟಿನ ಕೆಳಗೆ ಮೆಷಿನ್ ತುಳಿದು ಕೂಡಿಸಿದ್ದು. ಅದೇ ಟ್ಯೂಬ್‌ಲೈಟನ್ನು ನಂಬಿ ಒಂದು ಸಲ ಹೋಟೆಲಿನವರ ನಲವತ್ತು ಕಡುನೀಲಿ ಕೋಟುಗಳಿಗೆ ಕಪ್ಪು ದಾರ ಹಾಕಿಬಿಟ್ಟಿದ್ದಳು. ಕೋಟುಗಳನ್ನು ಬೀದಿಗೆ ತಂದಾಗ ಪ್ರತಿಯೊಂದು ಹೊಲಿಗೆಯೂ ಹಲ್ಲು ಕಿರಿಯಿತು. ಬಿಚ್ಚಿ ಮತ್ತೆ ಹೊಲಿಯಲು ಒಂಬತ್ತು ದಿನ. ಅಂದಿನಿಂದ ಕಡುಬಣ್ಣದ ಬಟ್ಟೆ ಬಂದರೆ ದಾರದ ಉಂಡೆ ಹಿಡಿದು ಬೀದಿಗೆ ಓಡುವುದೇ ಅಭ್ಯಾಸವಾಯಿತು. "ನೋಡಿ, ಟೈಲರಕ್ಕ ಸೂರ್ಯನಿಗೆ ಬಟ್ಟೆ ತೋರಿಸೋಕೆ ಬಂದಳು" ಎಂದು ಎದುರುಗಡೆಯ ಚಪ್ಪಲಿ ಅಂಗಡಿಯವನು ನಗುತ್ತಿದ್ದ. ಹೊಸ ಮನೆಯಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಆ ಕಿಟಕಿ. ನೆರಳು ಬೀಳದ, ಇಡೀ ದಿನ ಒಂದೇ ಸಮನಾಗಿರುವ ಉತ್ತರದ ಬೆಳಕು.

ಹಜಾರದಲ್ಲಿ ಗಂಡ ಸಿಮೆಂಟ್ ಚೀಲಗಳ ಮೇಲೆ ಕೂತಿದ್ದ. ದೊಡ್ಡ ವ್ಯಾಪಾರಿಯೊಬ್ಬರ ಕಾರು ಓಡಿಸುವವನು, ಅಂದು ರಜೆ. ಪಕ್ಕದಲ್ಲಿ ದೀಪದ ಕಂಪನಿಯವನು ಪೆಟ್ಟಿಗೆ ಬಿಚ್ಚಿ ಒಂದು ದೀಪವನ್ನು ಬ್ಯಾಟರಿಗೆ ಸಿಕ್ಕಿಸಿ ಮೊಬೈಲಿನಿಂದ ಹತ್ತಿಸಿ ಆರಿಸಿ ತೋರಿಸುತ್ತಿದ್ದ. ಹೆಂಡತಿಯ ಮುಖ ನೋಡಿದ್ದೇ ಗಂಡ ಎದ್ದು ನಿಂತ.

"ಬಂದ್ಯಾ? ಬಾ ಬಾ. ಇದನ್ನ ನೋಡು. ಸ್ವಿಚ್ಚೇ ಬೇಡ ಕಣೇ! ಬಾಯಲ್ಲಿ ಹೇಳಿದ್ರೆ ಹತ್ತುತ್ತೆ."

"ನಾನು ಹೇಳಿದ್ದು ನಿಮಗೇ ಹತ್ತಲಿಲ್ಲ, ಗೋಡೆಗೆ ಹತ್ತುತ್ತಾ? ಎಷ್ಟು ಇದಕ್ಕೆ?"

ಗಂಡ ತಲೆ ಕೆರೆದುಕೊಂಡ. ಕಂಪನಿಯವನೇ ಕಾಗದ ಮುಂದೆ ಮಾಡಿದ. "ಮನೆ ಪೂರ್ತಿಗೆ ಮೂರು ಲಕ್ಷದ ತೊಂಬತ್ತು ಸಾವಿರ ಮೇಡಂ. ಈ ವಾರವೇ ಒಪ್ಪಿಕೊಂಡ್ರೆ ಇಪ್ಪತ್ತು ಸಾವಿರ ಬಿಡ್ತೀವಿ."

"ಅಷ್ಟು ಎಲ್ಲಿಂದ ಬಂತು ರೀ?"

"ಸಾಲ ಏನಿಲ್ಲ ಮಾರಾಯ್ತಿ. ಬಾಗಿಲುಗಳಿಗೆಲ್ಲ ಕಮ್ಮಿ ಬೆಲೆಯ ಮರ ಹಾಕಿಸೋಣ ಅಂತ... ಆಮೇಲೆ ಆ ಕಿಟಕಿ. ಚೌಕಟ್ಟು, ಗಾಜು, ಸರಳು ಸೇರಿ ಒಂದು ಲಕ್ಷದ ನಲವತ್ತು ಸಾವಿರ ಅದೊಂದೇ ನುಂಗುತ್ತಿತ್ತು. ಈ ದೀಪ ಹಗಲಿನ ಥರಾನೇ ಬೆಳಕು ಕೊಡುತ್ತಂತೆ. ಇನ್ನು ಕಿಟಕಿ ಯಾಕೆ ಅಂತ."

ಟೈಲರಕ್ಕನ ಪಿತ್ತ ನೆತ್ತಿಗೇರಿತು. "ಸೂರ್ಯನ್ನ ಮುಚ್ಚಿ ಅವನ ಥರದ್ದೇ ಇನ್ನೊಂದನ್ನ ದುಡ್ಡು ಕೊಟ್ಟು ತರ್ತೀರಾ?"

"ಮೇಡಂ, ಇದರ ಅನುಕೂಲ ಕೇಳಿ" ಎಂದ ಕಂಪನಿಯವನು. "ನೀವು ಕೋಣೆಗೆ ಬಂದ್ರೆ ತಾನಾಗೇ ಹತ್ತುತ್ತೆ. ಯಾರೂ ಅಲ್ಲಾಡ್ತಿಲ್ಲ ಅಂದ್ರೆ ತಾನಾಗೇ ಆರುತ್ತೆ. ಕರೆಂಟು ಉಳಿತಾಯ."

"ನಾನು ಗುಂಡಿ ಹೊಲಿಯೋಕೆ ಕೂತ್ರೆ ಅರ್ಧ ಗಂಟೆ ಬೆರಳು ಬಿಟ್ಟು ಏನೂ ಅಲ್ಲಾಡಲ್ಲ. ದೀಪ ಆರಿದಾಗೆಲ್ಲ ಎದ್ದು ಕುಣೀಬೇಕಾ?"

ಒಳಗಿನಿಂದ ಮೇಸ್ತ್ರಿ ನಕ್ಕಿದ್ದು ಕೇಳಿಸಿತು. ಗಂಡ ಆ ಕಡೆ ಕಣ್ಣು ಕೆಕ್ಕರಿಸಿದ.

ಟೈಲರಕ್ಕ ಚೀಲದಿಂದ ಕಡುನೀಲಿ ಬಟ್ಟೆಯ ತುಂಡೊಂದನ್ನೂ ಎರಡು ದಾರದ ಉಂಡೆಗಳನ್ನೂ ತೆಗೆದಳು. "ಹಗಲಿನ ಥರ ಅಂದ್ರಲ್ಲ, ಬನ್ನಿ. ದೀಪ ಎತ್ಕೊಂಡು ಬನ್ನಿ." ಇಬ್ಬರನ್ನೂ ಕಿಟಕಿಯಿಲ್ಲದ ಸಾಮಾನು ಕೋಣೆಗೆ ನಡೆಸಿ ಬಾಗಿಲಿಗೆ ಹಲಗೆ ಅಡ್ಡ ಇಟ್ಟಳು. "ಈ ಬಟ್ಟೆಗೆ ಯಾವ ದಾರ ಹೊಂದುತ್ತೆ, ಆರಿಸಿ. ಎಷ್ಟು ಹೊತ್ತಾದ್ರೂ ತಗೊಳ್ಳಿ."

ಕಂಪನಿಯವನು ಬೆಳಕು ಏರಿಸಿದ, ಇಳಿಸಿದ, ಬಿಳಿ ಮಾಡಿದ, ಹಳದಿ ಮಾಡಿದ. ಕೊನೆಗೆ ಒಂದು ಉಂಡೆ ಎತ್ತಿಕೊಂಡ. ಗಂಡನೂ ಮೂಗಿಗೆ ತಾಗಿಸಿಕೊಂಡಷ್ಟು ಹತ್ತಿರ ಹಿಡಿದು ನೋಡಿ, "ಇದೇ, ಅನುಮಾನವೇ ಇಲ್ಲ" ಎಂದ.

ಅವಳು ಆ ದಾರದಿಂದ ಬಟ್ಟೆಗೆ ನಾಲ್ಕು ಹೊಲಿಗೆ ಹಾಕಿ, ಇಬ್ಬರನ್ನೂ ಹೊಲಿಗೆ ಕೋಣೆಗೆ ಕರೆತಂದು, ಇಟ್ಟಿಗೆ ಸಾಲಿನ ಮೇಲೆ ಉಳಿದಿದ್ದ ಬೆಳಕಿಗೆ ಹಿಡಿದಳು. ನೀಲಿಯ ಮೇಲೆ ದಾರ ಇದ್ದಿಲಿನ ಗೀಟಿನಂತೆ ಎದ್ದು ಕಂಡಿತು.

"ಕಪ್ಪು" ಎಂದ ಮೇಸ್ತ್ರಿ, ಅವನನ್ನು ಯಾರೂ ಕೇಳದಿದ್ದರೂ.

ಕಂಪನಿಯವನು ಗಂಟಲು ಸರಿಮಾಡಿಕೊಂಡ. "ಇದಕ್ಕಿಂತ ಮೇಲಿನ ಮಾಡೆಲ್ ಇದೆ ಮೇಡಂ. ಖರ್ಚು ಸ್ವಲ್ಪ ಜಾಸ್ತಿ."

"ಮೇಲಿನ ಮಾಡೆಲ್ ಆಗಲೇ ಬಂದಿದೆ, ಬಿಟ್ಟಿ. ನೀವು ಅಡ್ಡ ನಿಂತಿದ್ದೀರಿ, ಸರೀರಿ." ಮೇಸ್ತ್ರಿಯ ಕಡೆ ತಿರುಗಿದಳು. "ಗಾರೆ ಹಸಿ ಇದೆಯಾ?"

"ಬೆಳಿಗ್ಗೆ ಹಾಕಿದ್ದು ಅಕ್ಕ. ಹಸಿಯೇ."

ಅವಳು ಮೇಲಿನ ಸಾಲಿನ ಮೂಲೆಯ ಇಟ್ಟಿಗೆಯನ್ನು ಎರಡು ಕೈಯಲ್ಲೂ ಅಲ್ಲಾಡಿಸಿ ಕಿತ್ತು ನೆಲಕ್ಕೆ ಹಾಕಿದಳು. ಕಂಪನಿಯವನ ಹೊಳೆಯುವ ಬೂಟಿನ ಮೇಲೆ ಗಾರೆ ಸಿಡಿಯಿತು.

"ಏಯ್, ತಲೆ ಕೆಟ್ಟಿದೆಯೇನೇ ನಿಂಗೆ? ಕೂಲಿ ಕೊಟ್ಟಾಗಿದೆ!"

"ಕಟ್ಟಿದ್ದಕ್ಕೆ ನೀವು ಕೊಟ್ರಿ. ಕೆಡವೋಕೆ ಕೂಲಿ ಬೇಡ, ಬಿಡಿ." ಎರಡನೆಯ ಇಟ್ಟಿಗೆ ಬಂತು, ಮೂರನೆಯದು ಬಂತು.

ಗಂಡ ಕಂಪನಿಯವನ ಮುಂದೆ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಆಮೇಲೆ ಇದ್ದಕ್ಕಿದ್ದಂತೆ ದನಿ ಇಳಿಸಿ ಹೇಳಿದ: "ಇಪ್ಪತ್ತು ವರ್ಷ ನಮ್ಮ ಸಾಹುಕಾರರ ಮನೆ ಬಾಗಿಲಲ್ಲಿ ಕಾರು ನಿಲ್ಲಿಸಿದ್ದೀನಿ ಕಣೇ. ಅವರು ಮೆಟ್ಟಿಲ ಮೇಲೆ ಕಾಲಿಡೋದೇ ತಡ, ದೀಪ ಹತ್ತುತ್ತೆ. ನಾನು ಕತ್ತಲಲ್ಲಿ ಕಾರು ತಿರುಗಿಸ್ಕೊಂಡು ಬರ್ತೀನಿ. ನನಗೂ ಹಾಗೆ ಹತ್ತಲಿ ಅಂತ ಅನ್ನಿಸ್ತು. ಅಷ್ಟೇ."

ಇಟ್ಟಿಗೆ ಹಿಡಿದ ಅವಳ ಕೈ ನಿಂತಿತು.

"ಇದನ್ನ ಮೊದಲೇ ಹೇಳೋಕೆ ಬಾಯಿಗೇನು ಬೀಗ ಹಾಕಿತ್ತಾ? ಬಾಗಿಲಿಗೆ ಒಂದು ದೀಪ ಹಾಕಿಸೋಣ, ಯಾರು ಬೇಡ ಅಂದ್ರು? ಅದಕ್ಕೆ ನನ್ನ ಕಿಟಕೀನೇ ಆಗಬೇಕಿತ್ತಾ?" ಕಂಪನಿಯವನನ್ನು ಕೇಳಿದಳು, "ಬಾಗಿಲಿಗೆ ಒಂದೇ ಒಂದು ಹಾಕಿ. ಎಷ್ಟಾಗುತ್ತೆ?"

"ಬಿಡಿಯಾಗಿ ಕೊಡಲ್ಲ ಮೇಡಂ. ಮನೆ ಪೂರ್ತಿ ಪ್ಯಾಕೇಜು."

"ಹಾಗಾದ್ರೆ ಪ್ಯಾಕೇಜನ್ನೂ ಪೂರ್ತಿ ಎತ್ಕೊಂಡು ಹೊರಡಿ. ಒಂದು ದೀಪ ಮೂಲೆ ಅಂಗಡೀಲಿ ಸಿಗುತ್ತೆ."

ಅವನು ಗಂಡನ ಮುಖ ನೋಡಿದ. ಗಂಡ ನೆಲ ನೋಡಿದ. ಪೆಟ್ಟಿಗೆ ಮುಚ್ಚಿದ ಸದ್ದಾಯಿತು, ಆಮೇಲೆ ಮೆಟ್ಟಿಲಿಳಿದ ಬೂಟಿನ ಸದ್ದು.

ಟೈಲರಕ್ಕ ಮತ್ತೆ ಇಟ್ಟಿಗೆಗೆ ಕೈ ಹಾಕಿದಳು. ಕೆಳಗಿನ ಸಾಲು ಬಿಗಿದಿತ್ತು, ಜಗ್ಗಿದರೂ ಬರಲಿಲ್ಲ. ಗಂಡ ಅಂಗಿಯ ತೋಳು ಮಡಿಸಿ, ಮೇಸ್ತ್ರಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡ. "ಸರಿ ಆಚೆ. ಉಗುರು ಕಿತ್ಕೊಂಡ್ರೆ ನಾಳೆ ಹೊಲಿಯೋರು ಯಾರು?" ಎಂದು ಗೊಣಗಿ ಬಲವಾಗಿ ಒಂದೇಟು ಹಾಕಿದ.

"ಚೌಕಟ್ಟಿನವನಿಗೆ ಫೋನ್ ಮಾಡಿ" ಎಂದಳು ಅವಳು. "ನಾಳೆ ಗಾಜು ಕೂರೋವರೆಗೂ ನಾನಿಲ್ಲಿಂದ ಏಳಲ್ಲ. ಇನ್ನೊಂದು ಇಟ್ಟಿಗೆ ಇಡೋದಿದ್ರೆ ನನ್ನನ್ನೂ ಸೇರಿಸಿ ಕಟ್ಟಿಬಿಡಿ."

ಕೊನೆಯ ಇಟ್ಟಿಗೆಯೂ ಬಿದ್ದ ಮೇಲೆ, ಬೋಳಾದ ಕಿಟಕಿಯ ದಂಡೆಯ ಮೇಲೆ ಕೂತು, ಗಾರೆ ಮೆತ್ತಿದ ಬೆರಳುಗಳಿಂದಲೇ ನೀಲಿ ಬಟ್ಟೆಯ ಮೇಲಿನ ನಾಲ್ಕು ಕಪ್ಪು ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.