ದೊಡ್ಡಕ್ಕನ ವಾರದ ರಜೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಯಾರು ಯಾವ ಪಾಳಿಗೆ ಬರಬೇಕೆಂದು ಹನ್ನೊಂದು ವರ್ಷಗಳಿಂದ ತೀರ್ಮಾನಿಸುತ್ತಿದ್ದವಳು ದೊಡ್ಡಕ್ಕ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳೇನಲ್ಲ. ದನಿ ದೊಡ್ಡದು, ಅಷ್ಟೆ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳೆಂದರೆ ಮುಗಿಯಿತು, ಮರುಮಾತಿಲ್ಲ. ಬೆಳಿಗ್ಗೆ ಏಳರಿಂದ ಒಂದು, ಒಂದರಿಂದ ಸಂಜೆ ಏಳು. ಎರಡೇ ಪಾಳಿ, ಎಂಟೇ ಜನ. ಆದರೆ ಆ ಎಂಟು ಮನೆಗಳ ಕಷ್ಟಸುಖವೆಲ್ಲ ಅವಳ ತಲೆಯಲ್ಲಿ ಕೂತಿತ್ತು.

ಅದರಲ್ಲೂ ಇಸ್ತ್ರಿ ಮೇಜಿನ ಅತ್ತೆ-ಸೊಸೆಯರದು. ಸೊಸೆಯ ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಒಂಬತ್ತು ತಿಂಗಳ ಹೆಣ್ಣುಮಗುವನ್ನು ಇವರಿಬ್ಬರೇ ನೋಡಿಕೊಳ್ಳಬೇಕು. ಅದಕ್ಕೇ ಅತ್ತೆಗೆ ಬೆಳಗಿನ ಪಾಳಿ, ಸೊಸೆಗೆ ಮಧ್ಯಾಹ್ನದ್ದು. ಸರಿಯಾಗಿ ಒಂದು ಗಂಟೆಗೆ ಸೊಸೆ ಗೇಟಿನಲ್ಲಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಬರುವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ಇಷ್ಟು ಕರಾರುವಾಕ್ಕಾಗಿ ಪಾಲಿಸಿದವರು ಬೇರೆಲ್ಲೂ ಸಿಗಲಾರರು.

ಹೀಗಿರುವಾಗ ಕಚೇರಿಯಿಂದ ಅಪ್ಪಣೆ ಬಂತು. ಇನ್ನು ಮುಂದೆ ತಿಂಗಳ ಪಾಳಿಪಟ್ಟಿಯನ್ನು ವೆಬ್‌ಸೈಟಿನಲ್ಲೇ ತಯಾರಿಸಬೇಕು. ಬರುವ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಕಳಿಸದಿದ್ದರೆ ಅದು ತಾನೇ ಹಂಚಿಬಿಡುತ್ತದೆ. ಹಂಚಿದರೆ ಹೇಗಿರುತ್ತದೆಂದು ಮೆಷಿನ್ ನೋಡಿಕೊಳ್ಳುವ ಮೇಷ್ಟ್ರು ಒಂದು ಮಾದರಿ ತೆಗೆದು ತೋರಿಸಿದ. ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ಕೇಳದಿದ್ದರೂ ಹೇಳಿಕೊಡುವ ಚಾಳಿಗೆ ಬಿದ್ದ ಹೆಸರು. ಮಾದರಿಯಲ್ಲಿ ಅತ್ತೆ, ಸೊಸೆ ಇಬ್ಬರೂ ಬೆಳಗಿನ ಪಾಳಿಯಲ್ಲಿದ್ದರು.

“ಹಾಗಾದ್ರೆ ನಾನು ಕೆಲಸ ಬಿಡ್ಬೇಕಷ್ಟೇ, ದೊಡ್ಡಕ್ಕ,” ಎಂದಳು ಸೊಸೆ. ಕಣ್ಣು ತುಂಬಿತ್ತು.

“ನಾನೇನು ಸತ್ತಿದೀನಾ? ಸುಮ್ನೆ ಹೋಗಿ ಇಸ್ತ್ರಿ ಮಾಡು.”

ಹೇಳುವುದೇನೋ ಹೇಳಿಬಿಟ್ಟಳು. ಶುಕ್ರವಾರ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತಾಗ ಮೌಸ್ ಮುಟ್ಟುವ ಧೈರ್ಯವಾಗದೆ ಮೇಷ್ಟ್ರನ್ನು ಕರೆದಳು. ಅವಳು ಹೇಳಿದಂತೆ ಮೇಷ್ಟ್ರು ಒಂದೊಂದೇ ಹೆಸರನ್ನು ಕೂರಿಸಿದ. ನಾಲ್ಕೂವರೆಗೆ ಎಲ್ಲ ತುಂಬಿ ಗುಂಡಿ ಒತ್ತಿದರೆ ಕೆಂಪಕ್ಷರ ಬಂತು: ಒಬ್ಬ ಸಿಬ್ಬಂದಿಗೆ ವಾರದ ರಜೆ ಇಲ್ಲ.

“ಯಾರಿಗೋ ರಜೆ ಕೊಡೋದು ಮರೆತಿದೀರಿ.”

“ನಾನು? ಮರೆಯೋದು?” ದೊಡ್ಡಕ್ಕ ಬೆರಳು ಮಡಚಿ ಎಣಿಸಿದಳು. ಎಂಟು ಜನಕ್ಕೂ ರಜೆಯಿತ್ತು. ವೆಬ್‌ಸೈಟಿನ ಲೆಕ್ಕದಲ್ಲಿ ಮಾತ್ರ ಒಂಬತ್ತು ಜನ. ಒಂಬತ್ತನೆಯವಳು ಅವಳೇ.

ಕರಿಹಲಗೆಯ ಮೇಲೆ ತನ್ನ ಹೆಸರನ್ನು ಅವಳು ಒಮ್ಮೆಯೂ ಬರೆದಿರಲಿಲ್ಲ. ವಾರದ ಏಳೂ ದಿನ, ಎರಡೂ ಪಾಳಿಗೆ ಬರುತ್ತಿದ್ದಳು. ಕೆಲಸವೆಂದರೆ ಅಷ್ಟು ಪ್ರೀತಿ ಎಂದು ಜನ ಮೆಚ್ಚುತ್ತಿದ್ದರು. ನಿಜ ಹೇಳಬೇಕೆಂದರೆ ಮನೆಯಲ್ಲಿ ಅವಳೊಬ್ಬಳೇ. ಇಡೀ ದಿನ ಆ ಎರಡು ಕೋಣೆಗಳಲ್ಲಿ ಇರುವುದೆಂದರೆ ಅವಳಿಗೆ ಭಯ. ಇಷ್ಟು ದೊಡ್ಡ ದನಿಯವಳು ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

“ಬುಧವಾರ ರಜೆ ಅಂತ ಹಾಕು. ನಾನು ಹೇಗಿದ್ರೂ ಬರ್ತೀನಿ, ಅದಕ್ಕೇನು ಕಣ್ಣಿದ್ಯಾ?”

“ಕಣ್ಣಿಲ್ಲ, ಬೆರಳಚ್ಚಿದೆ. ರಜೆ ದಿನ ನಿಮ್ಮ ಬೆರಳಿಗೆ ಬಾಗಿಲೇ ತೆಗೆಯಲ್ಲ.”

ಬೇರೆ ದಾರಿಯಿಲ್ಲದೆ ರಜೆ ಹಾಕಿಸಿದಳು. ಮತ್ತೆ ಕೆಂಪಕ್ಷರ: ಬುಧವಾರ ಉಸ್ತುವಾರಿ ಯಾರು? ಐದು ವರ್ಷ ಸೇವೆಯಾದವರೇ ಆಗಬೇಕು, ಏಳರಿಂದ ಏಳರವರೆಗೆ ಇಡೀ ದಿನ ಅವರೊಬ್ಬರೇ ನೋಡಿಕೊಳ್ಳಬೇಕು. ಐದು ವರ್ಷ ಮುಗಿಸಿದ್ದವಳು ಅತ್ತೆ ಒಬ್ಬಳೇ. ಪಟ್ಟಿ ಏನಾಗುತ್ತದೋ ಎಂದು ಅವಳು ಅವತ್ತು ಪಾಳಿ ಮುಗಿದರೂ ಮನೆಗೆ ಹೋಗದೆ ಮಗುವಿನೊಂದಿಗೆ ಗೇಟಿನಲ್ಲೇ ಕೂತಿದ್ದಳು, ಕೂಗಿ ಕರೆದರು.

“ನೀನು ಟೀ ಕುಡಿಯೋಕೆ ಹೋದಾಗೆಲ್ಲ ಉಸ್ತುವಾರಿ ನೋಡಿದ್ದು ಮತ್ಯಾರು?” ಎಂದಳು ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು. “ಅದೇನು ಬ್ರಹ್ಮವಿದ್ಯೆ ಅಲ್ಲ. ಆದ್ರೆ ಒಂದು ಗಂಟೆಗೆ ಮಗೂನ ಯಾರು ಇಸ್ಕೊಳ್ತಾರೆ? ಅವಳೂ ಒಳಗೆ, ನಾನೂ ಒಳಗೆ.”

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಮೇಷ್ಟ್ರಿಗೂ ಪಾಠ ಮರೆತಿತ್ತು. ಸೊಸೆಯ ಕೆಲಸ ಉಳಿಸಲು ಹೊರಟು ತಾನೇ ಅದಕ್ಕೆ ಕಲ್ಲು ಹಾಕಿದೆನಲ್ಲ ಎಂದು ದೊಡ್ಡಕ್ಕನಿಗೆ ಅಳು ಬರುವಂತಾಯಿತು.

ಅತ್ತೆ ಅವಳನ್ನೇ ನೋಡಿದಳು. “ರಜೆ ಯಾರಿಗೆ? ನಿನಗೆ ತಾನೆ? ನೀನೇ ಇಸ್ಕೋ.”

“ನನಗೇನು ಗೊತ್ತು ಮಕ್ಕಳ ವಿಷಯ!”

“ನಮ್ಮೆಂಟು ಜನರನ್ನ ಸಂಭಾಳಿಸ್ತೀಯಲ್ಲ, ನಮಗಿಂತ ಅದೇ ವಾಸಿ. ಒತ್ತಯ್ಯ ಮೇಷ್ಟ್ರೇ, ಟೈಮಾಯ್ತು.”

ಐದಕ್ಕೆ ನಾಲ್ಕು ನಿಮಿಷವಿರುವಾಗ ಹಸಿರು ಅಕ್ಷರ ಬಂತು. ಪಟ್ಟಿ ಸ್ವೀಕೃತವಾಗಿದೆ.

ಬುಧವಾರ ಹನ್ನೆರಡೂವರೆಗೇ ದೊಡ್ಡಕ್ಕ ಗೇಟಿನ ಹೊರಗೆ ನಿಂತಿದ್ದಳು. ಸೊಸೆ ಮಗುವನ್ನೂ ಹಾಲಿನ ಬಾಟಲಿಯನ್ನೂ ಕೊಟ್ಟು, ಹತ್ತು ಎಚ್ಚರಿಕೆ ಹೇಳಿ ಒಳಗೆ ಹೋದಳು. ದೊಡ್ಡಕ್ಕ ಮಗುವನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಅದು ಮೊದಲ ಅರ್ಧ ಗಂಟೆ ಊರು ಒಂದಾಗುವಂತೆ ಕಿರುಚಿತು. ಆಮೇಲೆ ದೊಡ್ಡಕ್ಕನ ಜಡೆ ಎಳೆಯಿತು, ಡಬ್ಬಿಯ ಮುಚ್ಚಳಗಳನ್ನೆಲ್ಲ ನೆಲಕ್ಕೆ ಬಡಿಯಿತು, ಹೆಗಲ ಮೇಲೆ ಹಾಲು ಕಕ್ಕಿತು, ಕೊನೆಗೆ ಅವಳ ಹೊಟ್ಟೆಯ ಮೇಲೆ ಮಲಗಿ ನಿದ್ದೆ ಹೋಯಿತು. ಎಚ್ಚರವಾದೀತೆಂದು ದೊಡ್ಡಕ್ಕ ಎರಡು ತಾಸು ಅಲುಗಾಡಲಿಲ್ಲ. ಕಾಲು ಜೋಮು ಹಿಡಿದಿತ್ತು. ಇಷ್ಟು ಸುಖವಾಗಿ ಮನೆಯಲ್ಲಿ ಕೂತು ಎಷ್ಟು ಕಾಲವಾಯಿತೆಂದು ಅವಳಿಗೆ ನೆನಪಾಗಲಿಲ್ಲ. ಸಂಜೆ ಅತ್ತೆ-ಸೊಸೆ ಬಂದಾಗ ಮನೆ ಚೆಲ್ಲಾಪಿಲ್ಲಿಯಾಗಿತ್ತು.

ಹೀಗೆ ನಾಲ್ಕು ಬುಧವಾರ ಕಳೆದವು. ಮುಂದಿನ ತಿಂಗಳ ಪಟ್ಟಿಗೆ ಕೂತಾಗ ಮೇಷ್ಟ್ರು ಬೀಗುತ್ತ ಹೇಳಿದ, “ಒಳ್ಳೆ ಸುದ್ದಿ, ದೊಡ್ಡಕ್ಕ. ಬಟ್ಟೆ ಮಡಿಸೋ ಮೇಜಿನ ಅಣ್ಣನಿಗೆ ಐದು ವರ್ಷ ತುಂಬ್ತು. ಬುಧವಾರದ ಉಸ್ತುವಾರಿ ಅವರಿಗೆ ಹಾಕಿದ್ರೆ ಅತ್ತೆ ಒಂದು ಗಂಟೆಗೇ ಹೊರಡಬಹುದು. ನಿಮಗೆ ಮಗುವಿನ ಕಾಟ ತಪ್ತು. ಹಾಕ್ಲಾ?”

ದೊಡ್ಡಕ್ಕ ಅವನ ಕೈಯಿಂದ ಮೌಸ್ ಕಿತ್ತುಕೊಂಡಳು.

“ಬೇರೆ ಯಾವ ದಿನಕ್ಕಾದ್ರೂ ಹಾಕು. ಬುಧವಾರ ಮುಟ್ಟಿದ್ರೆ ನೋಡು, ಮಗ್ನೇ. ಅವತ್ತು ನನಗೆ ರಜೆ.”