ಬಿಸಿಲಿಗೆ ಬಿದ್ದವರು

ಜ್ವರ ಬಿಟ್ಟು, ರಕ್ತಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ನೀವೇನು ಗುಹೆಯಲ್ಲಿ ವಾಸ ಮಾಡ್ತೀರಾ?" ಎಂದು.

ಅಕ್ಕನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಓದು ಮುಗಿದ ವರ್ಷವೇ ಅವಳು ಸಿನಿಮಾ ಥಿಯೇಟರಿನ ಪ್ರೊಜೆಕ್ಟರ್ ಕೋಣೆಯನ್ನು ಹೊಕ್ಕಿದ್ದಳು. ಆಗ ರೀಲು ಸುತ್ತುತ್ತಿತ್ತು, ಈಗ ಕಂಪ್ಯೂಟರ್ ಬಂದಿದೆ. ಕೋಣೆ ಮಾತ್ರ ಅದೇ. ಕಿಟಕಿಯೆಂದರೆ ಪರದೆಯ ಕಡೆಗೆ ಅಂಗೈಯಗಲದ ಒಂದು ಗಾಜು. ಬೆಳಗಿನ ಆಟಕ್ಕೆ ಮೊದಲು ಒಳಗೆ ಹೋದರೆ ಕೊನೆಯ ಆಟ ಮುಗಿದ ಮೇಲೆಯೇ ಹೊರಗೆ. ಸಮುದ್ರ ತೀರದ ಬಿಸಿಲು, ಮರುಭೂಮಿಯ ಬಿಸಿಲು ಎಲ್ಲವನ್ನೂ ಅವಳು ಕಂಡಿದ್ದು ಪರದೆಯ ಮೇಲೆ. ಮದುವೆಯ ಮಾತು ಒಂದೆರಡು ಸಲ ಬಂದಿತ್ತು. ನೋಡಲು ಬಂದವರಿಗೆ ಬಿಡುವಿದ್ದಾಗ ಇವಳಿಗೆ ಆಟವಿರುತ್ತಿತ್ತು. ಬರಬರುತ್ತಾ ಕೇಳುವವರೂ ಮರೆತರು, ಅವಳೂ ಮರೆತಳು. ತಂಗಿಯ ಮನೆಯ ಮೂರನೇ ಮಹಡಿಯ ಕೋಣೆಯಲ್ಲಿ ಹಾಯಾಗಿದ್ದಳು. ತಂಗಿಗೆ ಅಕ್ಕ, ಹಾಗಾಗಿ ಇಡೀ ಓಣಿಗೇ ಅಕ್ಕ.

ಸೋಂಕು ಊರಿಗೆ ಕಾಲಿಟ್ಟಾಗ ಎಲ್ಲಕ್ಕಿಂತ ಮೊದಲು ಬೀಗ ಬಿದ್ದದ್ದು ಥಿಯೇಟರಿಗೆ. ಜ್ವರ ಅಕ್ಕನನ್ನೂ ಹುಡುಕಿಕೊಂಡು ಬಂತು, ದೊಡ್ಡ ಗಲಾಟೆ ಮಾಡದೆ ಹೊರಟೂ ಹೋಯಿತು. ಆದರೆ ಕಾಲು ನೋವು ಹೋಗಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಬೆಟ್ಟ ಹತ್ತಿದಂತಾಗುತ್ತಿತ್ತು.

"ನಿಮ್ಮ ವಿಟಮಿನ್ ಡಿ ಏಳು ಇದೆ," ಎಂದರು ಡಾಕ್ಟರಮ್ಮ. "ಕಡಿಮೆ ಅಂದ್ರೂ ಇಪ್ಪತ್ತು ಇರ್ಬೇಕು. ವಾರಕ್ಕೊಂದು ಮಾತ್ರೆ ಕೊಡ್ತೀನಿ. ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ಕೊಳ್ಳಿ. ಹಾಲು, ಮೀನು, ಅಣಬೆ ತಿನ್ನಿ. ಮೊಟ್ಟೆ ದಿನಾ ಒಂದಿದ್ರೆ ಎರಡು ಮಾಡಿ."

ತಂಗಿಯ ಗಂಡ ಫೋನಿಗೆ ಕುತ್ತಿಗೆ ಚಾಚಿದ. "ಡಾಕ್ಟ್ರೇ, ಅಷ್ಟು ಮಾಡಿದ್ರೆ ವೈರಸ್ ಹತ್ರ ಸುಳಿಯಲ್ಲ ಅಲ್ವಾ?"

"ಸುಳಿಯುತ್ತೆ. ನಿಮ್ಮ ವಿಟಮಿನ್ ಎಷ್ಟಿದೆ ಅಂತ ನೋಡ್ಕೊಂಡು ಅದು ಬರಲ್ಲ. ಇದು ಮೂಳೆಗೆ, ಸ್ನಾಯುಗೆ. ಮಾಸ್ಕ್ ಮಾತ್ರ ಬಿಡ್ಬೇಡಿ."

ತಂಗಿಯ ಗಂಡ ಕನ್ನಡಕದ ಅಂಗಡಿಯವನು. ಅಂಗಡಿ ಮುಚ್ಚಿ ಕೈಗೆ ಕೆಲಸವಿರಲಿಲ್ಲ. ಕಣ್ಣು ಪರೀಕ್ಷಿಸುವವನಾದ್ದರಿಂದ ತಾನು ಅರ್ಧ ಡಾಕ್ಟರೆಂಬ ಭಾವನೆ ಮೊದಲಿನಿಂದಲೂ ಇತ್ತು. ಡಾಕ್ಟರಮ್ಮನ ಮಾತಿನಲ್ಲಿ "ವಿಟಮಿನ್" ಎಂಬುದಷ್ಟನ್ನೇ ಕಿವಿಗೆ ಹಾಕಿಕೊಂಡು, ಉಳಿದದ್ದನ್ನು ಗಾಳಿಗೆ ಬಿಟ್ಟ. ಮರುದಿನದಿಂದ ಅಡುಗೆಮನೆ ಅವನ ಕೈಗೆ ಹೋಯಿತು. ಖಾಲಿ ಹೊಟ್ಟೆಯಲ್ಲಿ ಸತುವಿನ ಮಾತ್ರೆ ನುಂಗಿ, ಹೊಟ್ಟೆ ತೊಳಸಿ, ಬಚ್ಚಲಿಗೆ ಓಡಿ, ಬಂದು ಮತ್ತೆ ಭಾಷಣ ಶುರುಮಾಡುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಅವನ ಪ್ರೀತಿ ಗಜ್ಜರಿಯ ಮೇಲೆ. ಬೆಳಿಗ್ಗೆ ಗಜ್ಜರಿ ರಸ, ಮಧ್ಯಾಹ್ನ ಹಸಿ ಗಜ್ಜರಿ, ರಾತ್ರಿ ಬದಲಾವಣೆ ಇರಲೆಂದು ಕುಂಬಳಕಾಯಿ, ಅದರ ಜೊತೆಗೆ ಗಜ್ಜರಿ.

"ಅಕ್ಕಾ, ನಾನು ಕಟ್ಕೊಂಡಿದ್ದು ಗಂಡನ್ನಾ, ಮೊಲನಾ?" ಎಂದು ತಂಗಿ ಕೇಳಿದಳು.

ಅಕ್ಕ ಅವನ ಕಾಟಕ್ಕೆ ಹೆದರಿ ನಡುಹಗಲಿಗೆ ತಾರಸಿಗೆ ಹತ್ತಿದಳು. ಅಭ್ಯಾಸಬಲದಿಂದ ಕೊಡೆ ಬಿಚ್ಚಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು.

ಎದುರು ತಾರಸಿಯಿಂದ ಒಂದು ನಗು ಕೇಳಿಸಿತು. "ಅಮ್ಮಾ, ಔಷಧಿ ಕುಡಿಯೋಕೆ ಬಂದು ಬಾಟ್ಲಿ ಮುಚ್ಚಳ ಹಾಕ್ಕೊಂಡು ಕೂತ್ರೆ ಹೇಗೆ?"

ಹಾಗೆ ಹೇಳಿದವನ ತಲೆಯ ಮೇಲೆ ಟವೆಲು, ಕಣ್ಣಿಗೆ ಕಪ್ಪು ಕನ್ನಡಕ, ಮೂಗಿನಿಂದ ಕೆಳಗೆ ಮಾಸ್ಕ್. ಹಗಲಿಗೆ ಬಂದ ಗೂಬೆಯಂತಿದ್ದ. ಅವನು ಬೇಕರಿಯವನು. ರಾತ್ರಿಯಿಡೀ ಒಲೆಯ ಮುಂದೆ ಬ್ರೆಡ್ ಬೇಯಿಸಿ, ಹಗಲಿಡೀ ಪರದೆ ಎಳೆದು ನಿದ್ದೆ ಮಾಡಿ ಬದುಕಿದವನು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಇಬ್ಬರೂ ವರ್ಷಗಟ್ಟಲೆ ಎದುರುಬದುರು ಮನೆಯಲ್ಲಿದ್ದರೂ ಅವಳು ಮನೆಗೆ ಮರಳುವ ಹೊತ್ತಿಗೆ ಅವನು ಬೇಕರಿಯಲ್ಲಿ, ಅವನು ನಿದ್ದೆಯಲ್ಲಿರುವಾಗ ಅವಳು ಥಿಯೇಟರಿನಲ್ಲಿ. ಈಗ ರಾತ್ರಿ ಓಡಾಟಕ್ಕೆ ನಿಷೇಧ ಬಂದು ಬೇಕರಿಯ ಕೆಲಸ ಬೆಳಗಿಗೆ ಸರಿದಿತ್ತು. ಸೊಂಟ ನೋವೆಂದು ಹೋದವನಿಗೂ ಅದೇ ಡಾಕ್ಟರಮ್ಮ, ಅದೇ ಬಿಸಿಲು.

"ನಿಮ್ದೆಷ್ಟು?" ಎಂದು ಕೂಗಿದ.

"ಏಳು! ನಿಮ್ದು?"

"ಒಂಬತ್ತು!" ಎರಡು ಮನೆ ಹೆಚ್ಚಿಗೆ ಇರುವ ಸಾಹುಕಾರನ ಗತ್ತು ಆ ಧ್ವನಿಯಲ್ಲಿತ್ತು.

ನೆಲಮಹಡಿಯಲ್ಲಿ ಸದಾ ಕಿಟಕಿಗೆ ಅಂಟಿಕೊಂಡೇ ಇದ್ದು ಕಿಟಕಿ ಅಜ್ಜಿಯೆಂದೇ ಹೆಸರಾದವಳು ತಲೆ ಹೊರಗೆ ಹಾಕಿದಳು. ಓಣಿಯ ಒಂದು ಮಾತೂ ಅವಳ ಕಿವಿ ತಪ್ಪಿಸಿಕೊಂಡು ಹೋದದ್ದಿಲ್ಲ. "ಏನ್ರೋ ಅದು ಏಳು, ಒಂಬತ್ತು? ಮುದಿ ವಯಸ್ಸಲ್ಲಿ ಮಗ್ಗಿ ಕಲೀತಿದೀರಾ?"

ಅಂದಿನಿಂದ ನಡುಹಗಲಾದರೆ ಸಾಕು, ಅಕ್ಕನ ಕಾಲುಗಳು ತಾವಾಗಿಯೇ ಮೆಟ್ಟಿಲ ಕಡೆಗೆ ತಿರುಗುತ್ತಿದ್ದವು. ಓಣಿ ಎಷ್ಟು ಕಿರಿದೆಂದರೆ ಎರಡೂ ತಾರಸಿಗಳ ನಡುವೆ ಯಾರೋ ಯಾವ ಕಾಲದಲ್ಲೋ ಬಟ್ಟೆ ಒಣಗಿಸಲು ರಾಟೆಯ ಹಗ್ಗ ಕಟ್ಟಿದ್ದರು. ಆ ಹಗ್ಗಕ್ಕೆ ಬುಟ್ಟಿ ನೇತುಹಾಕಿ ಅವನು ಬಿಸಿ ಬನ್ನು ಕಳಿಸಿದ. ಅವಳು ತಟ್ಟೆಯ ತುಂಬ ಅಣಬೆ ಬಿಡಿಸಿ ಬಿಸಿಲಿಗಿಟ್ಟು, ಅವನ್ನು ಅದೇ ಬುಟ್ಟಿಯಲ್ಲಿ ಕಳಿಸಿದಳು. ಬಿಸಿಲು ಕುಡಿದರೆ ಅಣಬೆಯೊಳಗೂ ಅದೇ ವಿಟಮಿನ್ ಹುಟ್ಟುತ್ತದೆಂದು ಡಾಕ್ಟರಮ್ಮ ಹೇಳಿದ್ದರು.

"ಪಾಪ, ಇವೂ ನಮ್ಮ ಹಾಗೇ ಕತ್ತಲಲ್ಲಿ ಬೆಳೆದವು!" ಎಂದು ಅವಳು ಕೂಗಿದಾಗ, ಅವನು ಒಂದು ಅಣಬೆಗೆ ತನ್ನ ಕಪ್ಪು ಕನ್ನಡಕ ಹಾಕಿ ತೋರಿಸಿದ. ಅಕ್ಕ ನಕ್ಕು ನಕ್ಕು ಕುರ್ಚಿ ಸಮೇತ ಹಿಂದಕ್ಕೆ ವಾಲಿ, ಬೀಳುವುದರಲ್ಲಿದ್ದವಳು ಬಚಾವಾದಳು.

ಎದೆಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದಂತೆ ಸದಾ ಏನೋ ಪಟಪಟ. ಪಾತ್ರೆ ತೊಳೆಯುವಾಗ ಹಾಡು, ಹಾಸಿಗೆ ಮಡಿಸುವಾಗ ಹಾಡು. ಒಂದು ದಿನ ಅವಳು ಕನ್ನಡಿಯ ಮುಂದೆ ನಿಂತಿದ್ದನ್ನು ತಂಗಿ ಕಂಡಳು.

"ಮಾಸ್ಕ್ ಒಳಗೆ ಲಿಪ್‌ಸ್ಟಿಕ್ ಹಚ್ಕೊಂಡ್ರೆ ವಿಟಮಿನ್ ಜಾಸ್ತಿ ಬರುತ್ತಾ ಅಕ್ಕಾ?"

"ತುಟಿ ಒಡೆದಿತ್ತು ಕಣೆ," ಎಂದಳು ಅಕ್ಕ, ಕಿವಿಯವರೆಗೂ ಕೆಂಪಾಗಿ.

ಎಡವಟ್ಟಾದದ್ದು ಜೋರಾಗಿ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ. ಸೋಂಕು ಏರುತ್ತಿದೆಯೆಂಬ ಸುದ್ದಿ ಬಂದು ಇಬ್ಬರೂ ಮಾಸ್ಕಿನ ಮೇಲೆ ಮಾಸ್ಕ್ ಹಾಕಿದ್ದರು. ಬೇಕರಿಯವನು ಅಂದು ಬಿಸಿಲಿಗೆ ಕೂರದೆ ಅತ್ತಿಂದಿತ್ತ ಠಳಾಯಿಸುತ್ತಿದ್ದ. ಕೊನೆಗೆ ಗೋಡೆಯ ಅಂಚಿಗೆ ಬಂದು, ಉಸಿರು ಬಿಗಿಹಿಡಿದು ಕೇಳಿದ.

"ನಿಮಗೆ ಮದ್ವೆ ಆಗಿದ್ಯಾ?"

ಎರಡು ಪದರ ಬಟ್ಟೆ, ನಡುವೆ ಗಾಳಿ. ಅಕ್ಕನ ಕಿವಿಗೆ ಬಿದ್ದದ್ದು "ಮೊಟ್ಟೆ ಆಗಿದ್ಯಾ?" ಎಂದು.

"ಓಹೋ! ದಿನಾ ಎರಡು ಆಗುತ್ತೆ!" ಎಂದಳು ಹೆಮ್ಮೆಯಿಂದ.

ಅವನು ಕನ್ನಡಕ ತೆಗೆದ. "ಎರಡಾ?"

"ಹೂಂ! ಮೊದಲು ಒಂದೇ ಇತ್ತು. ಅದು ಸಾಲಲ್ಲ ಅಂತ ಡಾಕ್ಟರಮ್ಮನೇ ಎರಡು ಮಾಡಿಸಿದ್ರು!"

"ಮನೆಯಲ್ಲಿ... ಯಾರೂ ಏನೂ ಅನ್ನಲ್ವಾ?"

"ಅನ್ನೋದೇನು! ತಂಗಿ ಗಂಡ ಮುಂದೆ ನಿಂತು ಮಾಡಿಸ್ತಾನೆ! ಮತ್ತೆ ನಿಮ್ದು?"

ಅವನು ತಲೆ ತಗ್ಗಿಸಿದ. "ಒಂದು ಆಗಿತ್ತು. ತೀರಿಹೋದ್ರು."

ಕೊನೆಯದನ್ನು ಗಾಳಿ ಅರ್ಧ ನುಂಗಿತು. "ತೀರಿದ್ರೆ ಏನಂತೆ?" ಎಂದು ಅಕ್ಕ ಧೈರ್ಯ ತುಂಬಿದಳು. "ಇನ್ನೊಂದು ಡಜನ್ ತರಿಸ್ಕೊಳ್ಳಿ!"

ಬೇಕರಿಯವನು ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕುಳಿತ. ಆಮೇಲೆ ಎದ್ದು, ಮೆಟ್ಟಿಲಿಳಿದು ಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಕ್ಕನ ಜೀವ ಹಾರಿಹೋಯಿತು. ಜ್ವರ ಬಂತೇ? ಆಸ್ಪತ್ರೆಗೆ ಸೇರಿಸಿದರೇ? ಬುಟ್ಟಿ ಹಗ್ಗದ ನಡುವೆ ಖಾಲಿ ತೂಗುತ್ತಿತ್ತು. ಬನ್ನಿಲ್ಲ, ನಗುವಿಲ್ಲ, ಬಿಸಿಲಿಗೂ ರುಚಿಯಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ತಂಗಿಯ ಕಿರುಚಾಟ ಕೇಳಿಸಿತು. ಓಡಿ ಹೋಗಿ ನೋಡಿದರೆ, ಕನ್ನಡಕದ ಅಂಗಡಿಯವನು ಕಿಟಕಿಯ ಬೆಳಕಿನಲ್ಲಿ ಎರಡೂ ಅಂಗೈ ಚಾಚಿ ನಿಂತಿದ್ದಾನೆ. ಅಂಗೈ ಹಳದಿ, ಮೂಗಿನ ತುದಿ ಹಳದಿ, ಅಂಗಾಲು ಮಾಗಿದ ಕಿತ್ತಳೆ.

"ಕಾಮಾಲೆ," ಎಂದ ಅವನು ಸಾಯುವವನ ದನಿಯಲ್ಲಿ. "ಅಂಗಡಿ ಕೀಲಿ ಬೀರುವಿನಲ್ಲಿದೆ. ನನ್ನನ್ನ ಮರೀಬೇಡಿ."

ತಂಗಿ ವಿಡಿಯೋ ಕರೆ ಹಚ್ಚಿದಳು. ಡಾಕ್ಟರಮ್ಮ ಪರದೆಯ ತುಂಬ ಬಂದರು. "ಕಣ್ಣಿನ ಬಿಳಿ ತೋರಿಸಿ. ಇನ್ನೂ ಹತ್ರ. ಹಾಲಿನ ಹಾಗಿದೆಯಲ್ರೀ! ಮೂತ್ರ?"

"ಸರಿಯಾಗೇ ಇದೆ," ಎಂದ ಕ್ಷೀಣವಾಗಿ.

"ದಿನಾ ಏನು ತಿಂತೀರಿ?"

ಅವನು ಬಾಯಿ ತೆರೆಯುವ ಮೊದಲೇ ತಂಗಿ ಗಜ್ಜರಿಯ ಮೂಟೆಯ ಕಡೆಗೆ ಫೋನು ತಿರುಗಿಸಿದಳು. ಡಾಕ್ಟರಮ್ಮ ಮಾಸ್ಕ್ ಮುಚ್ಚಿದ ಬಾಯಿಗೆ ಕೈಯನ್ನೂ ಅಡ್ಡ ಹಿಡಿದರು. ಅವರ ಭುಜ ಕುಲುಕುತ್ತಿತ್ತು. "ಅದು ಗಜ್ಜರಿ ಬಣ್ಣ ಸ್ವಾಮೀ! ಚರ್ಮಕ್ಕೆ ಏರಿದೆ. ಏನೂ ಆಗಲ್ಲ, ನಿಲ್ಲಿಸಿದ್ರೆ ನಿಧಾನಕ್ಕೆ ಇಳಿಯುತ್ತೆ. ಆದ್ರೂ ಒಂದು ರಕ್ತಪರೀಕ್ಷೆ ಮಾಡ್ಸಿ, ನನ್ನ ಸಮಾಧಾನಕ್ಕೆ. ಸತುವಿನ ಮಾತ್ರೆ ಇವತ್ತೇ ಬಿಡಿ. ಎಲ್ಲರ ಹಾಗೆ ಊಟ ಮಾಡಿ."

ಸತ್ತು ಬದುಕಿದವನು ಇಂಗು ತಿಂದ ಮಂಗನಂತೆ ಕೂತ. ತಂಗಿ ಕೂಡಲೇ ಗಜ್ಜರಿ ಮೂಟೆಯನ್ನು ಕಿಟಕಿ ಅಜ್ಜಿಗೆ ಕೊಟ್ಟುಬರಲು ಕೆಳಗಿಳಿದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಬಾಗಿಲು ಹಿಡಿದು, ಗೋಡೆ ಹಿಡಿದು, ಕೊನೆಗೆ ನೆಲಕ್ಕೇ ಕೂತುಬಿಟ್ಟಳು.

"ಅಕ್ಕಾ... ನಿನಗೆ ದಿನಾ ಎರಡು ಮದುವೆ ಆಗುತ್ತಂತೆ! ನನ್ನ ಗಂಡ ಮುಂದೆ ನಿಂತು ಮಾಡಿಸ್ತಾನಂತೆ!"

"ಏನು ಬೊಗಳ್ತಿದೀಯೇ?"

"ಅವರು ಕೇಳಿದ್ದು ಮೊಟ್ಟೆ ಅಲ್ಲ ಕಣೇ! ಮದುವೆ! ಅಜ್ಜಿ ಕೆಳಗಿಂದ ಎಲ್ಲ ಕೇಳಿಸ್ಕೊಂಡು ಅವತ್ತಿಂದ ಒಬ್ಬಳೇ ನಗ್ತಿದ್ದಾಳೆ. ಆ ಮನುಷ್ಯ ಹೆಂಡತಿ ತೀರಿಹೋದ್ರು ಅಂದ್ರೆ ನೀನು ಇನ್ನೊಂದು ಡಜನ್..." ಮುಂದೆ ಹೇಳಲು ಅವಳಿಗೆ ಉಸಿರು ಉಳಿದಿರಲಿಲ್ಲ.

ಅಕ್ಕನಿಗೆ ಮೊದಲು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಆ ಇಡೀ ಸಂಭಾಷಣೆ ಕಿವಿಯಲ್ಲಿ ಮೊದಲಿನಿಂದ ಮೊಳಗಿತು. ಆಮೇಲೆ, ಹಾಗಾದರೆ ಅವನು ಕೇಳಿದ್ದು ಅದನ್ನೇ ಎಂಬುದು ತಲೆಗೆ ಹೊಳೆಯಿತು. ಕಾಲು ನೋವಿನ ನೆನಪೇ ಇಲ್ಲದೆ ಅವಳು ಎರಡೆರಡು ಮೆಟ್ಟಿಲು ಹಾರಿ ತಾರಸಿ ಹತ್ತಿದಳು. ಗೋಡೆಯಂಚಿಗೆ ಬಂದು, ಎರಡೂ ಮಾಸ್ಕ್ ಗದ್ದಕ್ಕೆ ಎಳೆದು, ಎದುರು ಮನೆಯ ಮುಚ್ಚಿದ ಪರದೆಯ ಕಡೆಗೆ ಗಂಟಲು ಹರಿಯುವಂತೆ ಕೂಗಿದಳು.

"ಮೊಟ್ಟೆ! ಮೊಟ್ಟೆ ಎರಡು! ಮದುವೆ ಸೊನ್ನೆ!"

ಓಣಿಯ ಕಿಟಕಿಗಳು ಪಟಪಟನೆ ತೆರೆದವು. ಬೇಕರಿಯವನು ತಾರಸಿಗೆ ಓಡಿ ಬಂದ. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು, ತಲೆಯಲ್ಲಿ ಟವೆಲಿಲ್ಲ.

"ಸೊನ್ನೆನಾ?"

"ಪೂರ್ತಿ ಸೊನ್ನೆ! ವಿಟಮಿನ್‌ಗಿಂತ ಕಡಿಮೆ!"

ಅವನು ನಗಲು ಶುರುಮಾಡಿದವನು ನಿಲ್ಲಿಸಲಾರದೆ ಹೋದ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಹುಬ್ಬೆಲ್ಲ ಬೆಳ್ಳಗಾಯಿತು. ಆಮೇಲೆ ಇಡೀ ಓಣಿ ಕೇಳುವಂತೆ ಕೂಗಿದ. "ಹಾಗಾದ್ರೆ ನಾವು ಒಂದು ಮಾಡ್ಕೊಳ್ಳೋಣ್ವಾ?"

ಅಕ್ಕನಿಗೆ ಈಗ ಯಾವುದರ ಮೇಲೂ ನಂಬಿಕೆ ಇರಲಿಲ್ಲ. "ಏನು, ಮೊಟ್ಟೆನಾ?"

"ಮದುವೆ ಕಣೇ, ಮದುವೆ!" ಎಂದು ಕೆಳಗಿನಿಂದ ಅಜ್ಜಿ ಗದರಿದಳು. "ಹೂಂ ಅನ್ನು ಬೇಗ, ನನ್ನ ಒಲೆ ಮೇಲೆ ಹಾಲಿದೆ!"

"ಹೂಂ!" ಎಂದಳು ಅಕ್ಕ. ಓಣಿಯ ಉದ್ದಕ್ಕೂ ಚಪ್ಪಾಳೆ ಬಿತ್ತು. ಎಲ್ಲೋ ಅಜ್ಜಿಯ ಹಾಲು ಉಕ್ಕಿದ ವಾಸನೆಯೂ ಬಂತು.

ಹೊರಗೆ ಓಡಾಡಲು ಅಪ್ಪಣೆ ಸಿಕ್ಕಮೇಲೆ ಅವರಿಬ್ಬರೂ ಮೊದಲ ಸಲ ಜೊತೆಯಾಗಿ ಹೋದದ್ದು ಪಾರ್ಕಿಗಲ್ಲ, ಸಿನಿಮಾಕ್ಕಂತೂ ಅಲ್ಲ, ಮತ್ತೆ ರಕ್ತ ಕೊಡಲು ಲ್ಯಾಬಿಗೆ. ಓಣಿಯಲ್ಲಿ ಮುಖಾಮುಖಿಯಾದಾಗ, ಕೈಯಳತೆಯ ದೂರದಲ್ಲಿ ನಿಂತು ಒಂದು ಕ್ಷಣ ಮಾಸ್ಕ್ ಸರಿಸಿದರು. ಅವನಿಗೆ ದಪ್ಪ ಮೀಸೆಯಿದೆಯೆಂದು ಅವಳು ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದಳು. ಮೀಸೆಯ ಗುರುತೂ ಇರಲಿಲ್ಲ, ಕೆನ್ನೆಯಲ್ಲೊಂದು ಗುಳಿಯಿತ್ತು. ಮೀಸೆಯ ಬದಲಿಗೆ ಗುಳಿ, ಲಾಭವೇ ಆಯಿತೆಂದುಕೊಂಡಳು.

ಉರಿಯುವ ಒಲೆಯಿಂದ ತಟ್ಟೆ ಎಳೆಯುವ ಆ ಮನುಷ್ಯ ಸೂಜಿ ಕಂಡದ್ದೇ ಬಿಳಿಚಿಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿ, ಬಿಡುವಾಗಿದ್ದ ಕೈಯಿಂದ ಗಾಳಿಯಲ್ಲಿ ಏನನ್ನೋ ಹುಡುಕಿದ. ಅಕ್ಕ ತನ್ನ ಕೈ ಕೊಟ್ಟಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ಅಂಗೈ, ಬೆಚ್ಚಗಿತ್ತು.

"ಆಯ್ತು ಸಾರ್, ಆಗಲೇ ಮುಗೀತು," ಎಂದಳು ರಕ್ತ ತೆಗೆಯುವವಳು. "ಕೈ ಬಿಡಬಹುದು."

"ಇವರಿಗೆ ಇನ್ನೂ ಸ್ವಲ್ಪ ಹೆದರಿಕೆ ಇದೆ," ಎಂದಳು ಅಕ್ಕ.

ಅವನು ಕಣ್ಣು ಮುಚ್ಚಿಕೊಂಡೇ, ಹೌದೆಂದು ಜೋರಾಗಿ ತಲೆಯಾಡಿಸಿದ.